ನಿಂತ ಮೋಟಾರು

ಚಿಕ್ಕೋಡಿ ತಾಲೂಕಿನ ಯಡೂರು ಕೃಷ್ಣಾ ತೀರದ ಊರು. ವೀರಭದ್ರ ದೇವರ ದರ್ಶನಕ್ಕೆ ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಬರುವ ಭಕ್ತರು ಇದನ್ನು ಚೆನ್ನಾಗಿ ಬಲ್ಲರು. ಕಲ್ಲೋಳ–ಯಡೂರು ಸೇತುವೆ ನೀರಿನಡಿ ಹೋಯಿತೆಂದು ಮಳೆಗಾಲದ ಸುದ್ದಿಯಲ್ಲಿ ಕೇಳುವ ತಾವೂ ಅದರ ಹೆಸರನ್ನು ಮರೆತಿರಲಾರಿರಿ. ಇಂಥ ಊರಿನಲ್ಲಿ ಒಂದು ಮೋಟಾರು ಗಾಡಿ ನಡೆಯದೆ ನಿಂತಿತೆಂದರೆ ಅದಕ್ಕೆ ತುಕ್ಕಿನ ಭಯ ಒಂದಾದರೆ, ಹೊಳೆಯ ಭಯ ಇನ್ನೊಂದು.

ನಮ್ಮ ಮನೆಯ ಗಾಡಿ ೧೯೭೮ರ ಅಂಬಾಸಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಗಾಡಿಯ ಅಚ್ಚನ್ನು ತಂದು ಕಲಕತ್ತೆಯ ಹತ್ತಿರದ ಉತ್ತರಪಾಡಾದಲ್ಲಿ ಹಿಂದುಸ್ತಾನ್ ಮೋಟರ್ಸಿನವರು ಕಟ್ಟಿದ ಈ ಗಾಡಿಯ ತಯಾರಿಕೆ ೨೦೧೪ರ ಮೇ ತಿಂಗಳಲ್ಲಿ ನಿಂತಿತು. ನಮ್ಮದು ಅದಕ್ಕೂ ಮೊದಲೇ ನಿಂತಿತ್ತು. ತಂದೆಯವರು ೨೦೦೬ರಲ್ಲಿ ತೀರಿಕೊಂಡರು. ಅವರ ತರುವಾಯ ಅದರ ಬಾಗಿಲು ತೆರೆಯುವವರೇ ಇರಲಿಲ್ಲ. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ, ಗೊಬ್ಬರದ ಚೀಲಗಳ ಪಕ್ಕದಲ್ಲಿ, ಹದಿಮೂರು ವರ್ಷ ಕುಳಿತಿತು. ೨೦೧೯ರ ಆಗಸ್ಟಿನ ಮಹಾಪೂರದಲ್ಲಿ ನೀರು ಶೆಡ್ಡಿಗೂ ಬಂದು, ಗಾಡಿಯ ಬಾಗಿಲಿನ ಕೆಳಗಿನ ಅಂಚನ್ನು ಮುಟ್ಟಿ, ಕೆಲವು ದಿನ ಇದ್ದು, ಗೇಣುದ್ದ ಕೆಸರನ್ನು ಬಿಟ್ಟು ಇಳಿಯಿತು. ಆ ಹೊತ್ತಿಗೆ ನಾವು ದನಗಳನ್ನೂ ಕಾಳಿನ ಚೀಲಗಳನ್ನೂ ಎತ್ತರದ ಜಾಗಕ್ಕೆ ಸಾಗಿಸಿದ್ದೆವು. ಗಾಡಿಯನ್ನು ಅಲುಗಿಸಲು ಆಗಿರಲಿಲ್ಲ. ನಾಲ್ಕು ಚಕ್ರವಿದ್ದೂ ಅದು ಕಲ್ಲಿನ ಹಾಗೆ ನೆಲಕ್ಕೆ ಕಚ್ಚಿಕೊಂಡಿತ್ತು.

ನೀರು ಇಳಿದ ಮೇಲೆ ಗುಜರಿಯವನು ಬಂದು ಕಿಲೋ ಲೆಕ್ಕದಲ್ಲಿ ಕೇಳಿದನು. ತಾಯಿಯವರು ಒಂದೇ ಮಾತು ಹೇಳಿದರು: “ಕೊಡೂದಾದ್ರ ಕೊಡ್ರಿ, ಇಡೂದಾದ್ರ ನಡೆಯುವಂಗ ಮಾಡಿ ಇಡ್ರಿ. ನೀರಾಗ ನಿಂತದ್ದನ್ನ ಇನ್ನೊಮ್ಮೆ ನಾ ನೋಡಂಗಿಲ್ಲ.” ಹೀಗೆ ನಮ್ಮ ಕೆಲಸ ಆರಂಭವಾಯಿತು. ಆರಂಭವಾದದ್ದು ತಪ್ಪಿನಿಂದ. ಆ ತಪ್ಪನ್ನೇ ಇಂದು ಮುಖ್ಯವಾಗಿ ತಮಗೆ ಹೇಳಬೇಕೆಂದಿದ್ದೇನೆ. ಏಕೆಂದರೆ ನಿಂತ ಗಾಡಿಯುಳ್ಳ ಹತ್ತು ಮನೆಗಳಲ್ಲಿ ಎಂಟು ಮನೆಯವರು ಮೊದಲ ದಿನ ಮಾಡುವುದು ಅದನ್ನೇ ಎಂದು ನನ್ನ ಎಣಿಕೆ.

ತಮ್ಮನು ಟ್ರ್ಯಾಕ್ಟರ್ ತಂದನು. ಹಗ್ಗ ಕಟ್ಟಿದೆವು. ಗಾಡಿಯನ್ನು ಮೂರನೆಯ ಗೇರಿಗೆ ಹಾಕಿ, ಕ್ಲಚ್ ತುಳಿದು ನಾನು ಕುಳಿತೆ. ಟ್ರ್ಯಾಕ್ಟರ್ ಎಳೆಯಿತು. ಹಿಂದಿನ ಚಕ್ರಗಳು ತಿರುಗದೆ ಎರಡು ಮಾರು ನೆಲವನ್ನು ರಂಟೆಯ ಹಾಗೆ ಸೀಳಿ, ಆಮೇಲೆ ಕಿರುಗುಡುತ್ತ ಬಿಟ್ಟವು. ಎಂಜಿನ್ನಿನ ಸದ್ದು ಕೇಳುವ ಆಸೆ ನೋಡಿ, ಆ ಸಂತೋಷದಲ್ಲಿ ನಾನು ಕ್ಲಚ್ಚಿನಿಂದ ಕಾಲು ತೆಗೆದೆ. ಒಳಗಿನಿಂದ ‘ಟಕ್’ ಎಂಬ ಒಂದು ಸದ್ದು ಬಂತು. ಅಷ್ಟೇ. ಮರುದಿನ ನೋಡಲು ಬಂದ ಮಿಸ್ತ್ರಿ ಬಾನೆಟ್ ಎತ್ತುವ ಮೊದಲೇ ನೆಲದ ಮೇಲಿನ ಗೆರೆಗಳನ್ನು ನೋಡಿ ತಲೆ ಅಲ್ಲಾಡಿಸಿದನು. “ಗಾಡಿ ಸತ್ತಿರಲಿಲ್ಲರೀ ಅಣ್ಣಾರ, ಜಂಗ ಹಿಡದ ಕುಂತಿತ್ತು. ನೀವ ಗಡಬಡಿ ಮಾಡಿ ಕೈಕಾಲ ಮುರದೀರಿ,” ಎಂದನು. ಬಿಚ್ಚಿ ನೋಡಿದರೆ ಮೂರನೆಯ ಸಿಲಿಂಡರಿನ ಪಿಸ್ಟನ್ ರಿಂಗುಗಳು ತುಂಡಾಗಿದ್ದವು. ತುಂಡುಗಳು ಸಿಲಿಂಡರಿನ ಗೋಡೆಯನ್ನು ಗೀರಿದ್ದವು.

ಆದದ್ದು ಏನು? ಎಂಜಿನ್ ನಿಂತಾಗ ಯಾವುದಾದರೊಂದು ಸಿಲಿಂಡರಿನ ಕವಾಟ ತೆರೆದೇ ಇರುತ್ತದೆ. ಅದರ ಮೂಲಕ ಹಸಿಗಾಳಿ ಒಳಗೆ ಹೋಗುತ್ತದೆ. ಎರಕದ ಕಬ್ಬಿಣದ ಗೋಡೆಗೂ ರಿಂಗಿಗೂ ನಡುವೆ ತುಕ್ಕು ಬೆಸುಗೆಯ ಹಾಗೆ ಹಿಡಿಯುತ್ತದೆ. ರಿಂಗು ಬಾಗದು, ಮುರಿದೀತು. ಟ್ರ್ಯಾಕ್ಟರಿನ ಬಲಕ್ಕೆ ಅದು ತಡೆಯುವ ಮಾತೇ ಇಲ್ಲ. ಮಾಡಬೇಕಾದದ್ದು ತೀರ ಸಾದಾ ಕೆಲಸ. ನಾಲ್ಕೂ ಪ್ಲಗ್ಗುಗಳನ್ನು ತೆಗೆದು, ಒಂದೊಂದು ತೂತಿನಲ್ಲಿಯೂ ಎಂಜಿನ್ ಎಣ್ಣೆ ಮತ್ತು ಡೀಸೆಲ್ ಸಮನಾಗಿ ಬೆರೆಸಿ ಎರಡು ಮೂರು ಚಮಚ ಹಾಕಿ, ಒಂದು ವಾರ ಸುಮ್ಮನೆ ಬಿಡಬೇಕು. ನಡುವೆ ಒಮ್ಮೆ ಮತ್ತಷ್ಟು ಹಾಕಬೇಕು. ಅಂಬಾಸಡರಿಗೆ ಮುಂದಿನಿಂದ ಹ್ಯಾಂಡಲ್ ಹಾಕುವ ಸೌಕರ್ಯವಿದೆ. ಆ ಹ್ಯಾಂಡಲನ್ನು ಕೈಯಿಂದ, ಕೈಯಿಂದ ಮಾತ್ರ, ಅತ್ತ ಒಂದು ಬೆರಳು ಇತ್ತ ಒಂದು ಬೆರಳು ಆಡಿಸಬೇಕು. ಬರದಿದ್ದರೆ ಇನ್ನೊಂದು ವಾರ. ಬಂದ ಮೇಲೂ ಪ್ಲಗ್ ಹಾಕದೆ, ತೂತುಗಳ ಮೇಲೆ ಬಟ್ಟೆ ಮುಚ್ಚಿ ತಿರುಗಿಸಿದರೆ ಒಳಗಿನ ಎಣ್ಣೆ ಹೊರಗೆ ಚಿಮ್ಮುತ್ತದೆ. ಈ ಎರಡು ವಾರದ ತಾಳ್ಮೆ ನಮಗಿದ್ದಿದ್ದರೆ ಎರಡು ವರ್ಷದ ಕೆಲಸ ಉಳಿಯುತ್ತಿತ್ತು.

ನೆರೆಯ ನೀರು ಮುಟ್ಟಿದ ಗಾಡಿಯಾದರೆ ಅದಕ್ಕೂ ಮೊದಲು ಅಡಿಯ ಬಿರಡೆಗಳನ್ನು ಬಿಚ್ಚಬೇಕು. ನಾವು ಚೇಂಬರಿನ ಬೋಲ್ಟ್ ಸಡಲಿಸಿದಾಗ ಮೊದಲು ಬಂದದ್ದು ನೀರು. ಎಣ್ಣೆ ಹಗುರ, ನೀರು ಭಾರ. ಆದ್ದರಿಂದ ನೀರು ತಳದಲ್ಲಿ ಕುಳಿತಿರುತ್ತದೆ. ಆಮೇಲೆ ಬಂದದ್ದು ಮಜ್ಜಿಗೆಯ ಬಣ್ಣದ ಒಂದು ಪದಾರ್ಥ. ಗೇರ್ ಬಾಕ್ಸಿನಲ್ಲಿಯೂ ಹಿಂದಿನ ಡಿಫರೆನ್ಶಿಯಲ್ಲಿನಲ್ಲಿಯೂ ಅದೇ ಕಥೆ. ಆ ಎಣ್ಣೆಯಲ್ಲಿಯೇ ಎಂಜಿನ್ ಚಾಲೂ ಆಗಿದ್ದರೆ ಬೇರಿಂಗುಗಳ ಗತಿ ಏನಾಗುತ್ತಿತ್ತೆಂದು ಈಗ ನೆನೆದರೆ, ರಿಂಗು ಮುರಿದದ್ದೇ ಲೇಸಾಯಿತೇನೋ ಅನಿಸುತ್ತದೆ.

ಮಿಸ್ತ್ರಿ ಎರಡನೆಯ ದಿನ ಹೇಳಿದ ಮಾತು ನಮಗೆ ವಿಚಿತ್ರವಾಗಿ ತೋರಿತು. “ಎಂಜಿನ್ ಮರತ ಬಿಡ್ರಿ. ಮೊದಲ ಗಾಲಿ ತಿರಗಬೇಕ, ಆಮ್ಯಾಲ ನಿಂದರಬೇಕ. ಓಡೂದು ಕಟ್ಟಕಡಿಗೆ.” ನಾವು ತಿಳಿದಿದ್ದ ಕ್ರಮಕ್ಕೆ ಇದು ತೀರ ತಿರುವುಮುರುವು. ಆದರೂ ಕೇಳಿದೆವು.

ಗಾಡಿಯನ್ನು ಜ್ಯಾಕಿನಿಂದ ಎತ್ತಿ, ಅಡಿಯಲ್ಲಿ ದಪ್ಪ ಬೇವಿನ ದಿಮ್ಮಿಗಳನ್ನು ಕೊಟ್ಟೆವು. ಇಲ್ಲಿ ಒಂದು ಎಚ್ಚರಿಕೆ. ಬರಿಯ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಹೋಗಬಾರದು. ಇಟ್ಟಿಗೆಯನ್ನೂ ನಂಬಬಾರದು, ಇಟ್ಟಿಗೆ ಭಾರ ಹೊತ್ತಂತೆಯೇ ಇದ್ದು ಒಮ್ಮೆಲೆ ಒಡೆಯುತ್ತದೆ. ಅಂಬಾಸಡರಿಗೆ ನಾಲ್ಕೂ ಚಕ್ರಗಳಲ್ಲಿ ಡ್ರಮ್ ಬ್ರೇಕು. ಒಳಗಿನ ಲೈನರು ಡ್ರಮ್ಮಿಗೆ ತುಕ್ಕಿನಿಂದ ಅಂಟಿತ್ತು. ಅಡ್ಜಸ್ಟರನ್ನು ಸಡಲಿಸಿ, ಕಟ್ಟಿಗೆಯ ಕೊಡತಿಯಿಂದ ಸುತ್ತಲೂ ಮೆಲ್ಲಗೆ ಬಡಿಯುತ್ತ, ನಾಲ್ಕು ಡ್ರಮ್ಮುಗಳನ್ನು ತೆಗೆಯಲು ಮೂರು ರವಿವಾರ ಹಿಡಿದವು. ಒಳಗೆ ನೋಡಿದರೆ ಹೊಳೆಯ ಮಣ್ಣು ಗಟ್ಟಿಯಾಗಿ ಒಣಗಿ ಕುಳಿತಿತ್ತು. ಬ್ರೇಕ್ ಎಣ್ಣೆಗೆ ಒಂದು ಕೆಟ್ಟ ಗುಣವಿದೆ. ಅದು ಗಾಳಿಯೊಳಗಿನ ತೇವವನ್ನು ಹೀರುತ್ತದೆ. ವರ್ಷಗಟ್ಟಲೆ ಬಿಟ್ಟರೆ ಆ ನೀರು ಸಿಲಿಂಡರುಗಳನ್ನು ಒಳಗಿನಿಂದಲೇ ಕೊರೆಯುತ್ತದೆ. ರಬ್ಬರಿನ ನಳಿಗೆಗಳು ಹೊರಗೆ ಚೆನ್ನಾಗಿಯೇ ಕಾಣುತ್ತವೆ, ಒಳಗೆ ಉಬ್ಬಿ ಮುಚ್ಚಿರುತ್ತವೆ. ಆದ್ದರಿಂದ ಇಲ್ಲಿ ಉಳಿತಾಯದ ಯೋಚನೆ ಬೇಡ. ಮಾಸ್ಟರ್ ಸಿಲಿಂಡರು, ಚಕ್ರದ ಸಿಲಿಂಡರುಗಳು, ನಳಿಗೆಗಳು ಎಲ್ಲವನ್ನೂ ಹೊಸದಾಗಿ ಹಾಕಿದೆವು. ಟೈರುಗಳ ವಯಸ್ಸನ್ನು ನೋಡಲು ಹಲ್ಲನ್ನು ನೋಡಿದರೆ ಸಾಲದು. ೨೦೦೦ರ ತರುವಾಯದ ಟೈರುಗಳ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. ಮೊದಲಿನ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. ನಮ್ಮ ಟೈರುಗಳಿಗೆ ಹಲ್ಲು ತುಂಬ ಇತ್ತು, ಪಕ್ಕಗಳಲ್ಲಿ ಬೆರಳ ಉಗುರು ಹೋಗುವಷ್ಟು ಬಿರುಕೂ ಇತ್ತು.

ಎಂಜಿನ್ನನ್ನು ಚೈನ್ ಪುಲ್ಲಿಯಿಂದ ಇಳಿಸಿ, ಸಿಲಿಂಡರು ಕೊರೆಯಿಸಲು ಬೆಳಗಾವಿಯ ಉದ್ಯಮಬಾಗಕ್ಕೆ ಕಳಿಸಿದೆವು. ಈ ಕೆಲಸಕ್ಕೆ ನಮ್ಮ ಜಿಲ್ಲೆಯವರು ದೂರ ಹೋಗಬೇಕಾದ್ದಿಲ್ಲ. ೧೮೮೮ರಲ್ಲಿ ಲಕ್ಷ್ಮಣರಾವ ಕಿರ್ಲೋಸ್ಕರರು ಸೈಕಲ್ ಅಂಗಡಿ ತೆರೆದ ಊರು ಬೆಳಗಾವಿ. ಎರಕದ ಕೆಲಸ, ಲೇಥಿನ ಕೆಲಸ ಅಲ್ಲಿ ಇಂದಿಗೂ ಚೆನ್ನಾಗಿ ನಡೆದಿದೆ. ಬಿಡಿಭಾಗಗಳಿಗೆ ಮಾತ್ರ ನಮಗೆ ಮೀರಜ, ಕೊಲ್ಹಾಪುರಗಳೇ ಹತ್ತಿರ. ಇದೇ ತೊಡಕಾಯಿತು. ೨೦೨೦ರ ಮಾರ್ಚ್ ೨೫ಕ್ಕೆ ಇಡೀ ದೇಶಕ್ಕೆ ಬೀಗ ಬಿತ್ತು. ನಿತ್ಯ ಹಾಲು ತರಕಾರಿ ದಾಟುತ್ತಿದ್ದ ಗಡಿಗೆ ಅಡ್ಡಗೋಲು ಬಂದವು. ಎಂಜಿನ್ನಿನ ಬ್ಲಾಕು ಬೆಳಗಾವಿಯಲ್ಲಿ, ಪಿಸ್ಟನ್ನು ಕೊಲ್ಹಾಪುರದಲ್ಲಿ, ಗಾಡಿ ಯಡೂರಿನಲ್ಲಿ. ಎರಡು ರಾಜ್ಯಗಳ ನಡುವೆ ನಮ್ಮ ಅಂಬಾಸಡರ್ ಹರಿದು ಹಂಚಿಹೋಯಿತು.

ಆ ದಿನಗಳಲ್ಲಿ ಮನೆಯಲ್ಲಿಯೇ ಕುಳಿತು ಒಳಗಿನ ಕೆಲಸ ಮಾಡಿದೆವು. ಇಲಿಗಳು ಸೀಟಿನ ತೆಂಗಿನ ನಾರನ್ನೂ ವಾಯರಿನ ಹೊದಿಕೆಯನ್ನೂ ಸೇರಿಸಿ ಹಿಂದಿನ ಸೀಟಿನ ಅಡಿ ಅಚ್ಚುಕಟ್ಟಾದ ಗೂಡು ಕಟ್ಟಿದ್ದವು. ಅದರಲ್ಲಿ ತಂದೆಯವರ ಕೈಬರಹವುಳ್ಳ ಒಂದು ಪೆಟ್ರೋಲ್ ಚೀಟಿ ಅರ್ಧ ಉಳಿದಿತ್ತು. ಎಷ್ಟು ಮೈಲಿಗೆ ಎಷ್ಟು ಲೀಟರ್ ಎಂದು ಅದರ ಬೆನ್ನಿಗೆ ಲೆಕ್ಕ ಹಾಕಿದ್ದರು. ತಾಯಿಯವರು ಅದನ್ನು ಏನೂ ಅನ್ನದೆ ತೆಗೆದುಕೊಂಡು ಹೋದರು. ಕೆಸರು ನಿಂತಿದ್ದ ನೆಲದ ತಗಡು ಹಲವೆಡೆ ಜರಡಿಯಾಗಿತ್ತು. ಹೊಸ ತಗಡು ಕತ್ತರಿಸಿ ಬೆಸೆಯಿಸಿದೆವು. ಪೆಟ್ರೋಲಿನ ಟಾಕಿಯನ್ನು ಮಾತ್ರ ಯಾರೂ ಬೆಂಕಿಯ ಹತ್ತಿರ ಒಯ್ಯಬಾರದು. ಖಾಲಿ ಟಾಕಿಯೇ ತುಂಬಿದ ಟಾಕಿಗಿಂತ ಅಪಾಯದ್ದು, ಏಕೆಂದರೆ ಸಿಡಿಯುವುದು ಒಳಗೆ ಉಳಿದ ಆವಿ. ನಮ್ಮ ಟಾಕಿಯಲ್ಲಿ ಹಳೆಯ ಪೆಟ್ರೋಲು ವಾರ್ನಿಶಿನಂತಾಗಿ ಮೂಗು ಕೊರೆಯುವ ನಾತ ಬರುತ್ತಿತ್ತು. ಸಣ್ಣ ಹರಳು ಹಾಕಿ ಅಲುಗಿಸಿ ಅಲುಗಿಸಿ ತೊಳೆದೆವು.

ಬ್ಲಾಕು ಮರಳಿ ಬಂತು, ಪಿಸ್ಟನ್ನು ಬರುವುದರೊಳಗೆ ರೋಗದ ಎರಡನೆಯ ಅಲೆ ಬಂತು. ಹೀಗಾಗಿ ೨೦೨೧ರ ಜುಲೈ ಕೊನೆಗೆ ಮಹಾಬಳೇಶ್ವರ, ಕೊಯ್ನಾ ಕಡೆ ಧಾರಾಕಾರ ಮಳೆ ಸುರಿದು ಕೃಷ್ಣೆ ಮತ್ತೆ ಏರತೊಡಗಿದಾಗ ನಮ್ಮ ಗಾಡಿಗೆ ಎಂಜಿನ್ನೇ ಇರಲಿಲ್ಲ. ಮೇಲಿನ ನೀರು ಕರಾಡ, ಸಾಂಗಲಿ ದಾಟಿ, ಪಂಚಗಂಗೆಯನ್ನೂ ದೂಧಗಂಗೆಯನ್ನೂ ಕೂಡಿಸಿಕೊಂಡು ನಮ್ಮತ್ತ ಬರುವುದಕ್ಕೆ ಸ್ವಲ್ಪ ಕಾಲ ಹಿಡಿಯುತ್ತದೆ. ಆ ಅವಧಿಯೇ ನಮ್ಮ ಊರುಗಳ ಭಾಗ್ಯ. ಸಂಜೆ ನೀರಿನ ಸುದ್ದಿ ಕೇಳಿದ ಕೂಡಲೆ ತಮ್ಮ, ನಾನು, ಪಕ್ಕದ ಮನೆಯ ಇಬ್ಬರು ಹುಡುಗರು ಗಾಡಿಯ ಬೆನ್ನಿಗೆ ಕೈಹಚ್ಚಿದೆವು. ಸ್ಟೀಯರಿಂಗಿಗೆ ತಾಯಿಯವರು ತಾವಾಗಿಯೇ ಕುಳಿತರು. ಗಾಡಿ ಶೆಡ್ಡಿನಿಂದ ಹೊರಬಿದ್ದು, ಓಣಿ ಹಿಡಿದು, ಏರು ಹತ್ತಿತು. ನಡುವೆ ನಮಗೆ ದಮ್ಮು ಹತ್ತಿದಾಗ ಬ್ರೇಕು ತುಳಿದರು. ಏರಿನ ಮೇಲೆ ಗಾಡಿ ನಿಂತಲ್ಲಿ ನಿಂತಿತು. ಮಿಸ್ತ್ರಿಯ ಕ್ರಮ ಆಗ ಅರ್ಥವಾಯಿತು. ಎರಡು ವರ್ಷದ ಹಿಂದೆ ಎಂಜಿನ್ನನ್ನೇ ಮೊದಲು ಹಿಡಿದು ಕುಳಿತಿದ್ದರೆ ಅಂದು ರಾತ್ರಿ ಗಾಡಿ ಶೆಡ್ಡಿನಲ್ಲಿಯೇ ಇರುತ್ತಿತ್ತು.

ಎಂಜಿನ್ ಚಾಲೂ ಆದದ್ದು ಆ ಚಳಿಗಾಲದಲ್ಲಿ. ಅದರ ವರ್ಣನೆಗೆ ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ಡೆಲ್ಕೋದ ಪಾಯಿಂಟುಗಳನ್ನು ಉಜ್ಜಿ ಹದಿನೈದು ‘ಥೌ’ ಅಂತರ ಇಟ್ಟೆವು, ಅಂದರೆ ಇಂಚಿನ ಸಾವಿರ ಪಾಲಿನಲ್ಲಿ ಹದಿನೈದು. ಗೇಜು ಸಿಗದಿದ್ದರೆ ಲಗ್ನಪತ್ರಿಕೆಯ ದಪ್ಪ ಕಾಗದ ಸಾಕೆಂದು ಮಿಸ್ತ್ರಿಯ ಮತ. ಪಕ್ಕಕ್ಕೆ ಮರಳಿನ ಬಕೆಟ್ಟು ಇಟ್ಟುಕೊಂಡು, ಮೊದಲು ಪ್ಲಗ್ ಇಲ್ಲದೆ ತಿರುಗಿಸಿ ಎಣ್ಣೆಯ ಒತ್ತಡ ಬಂದದ್ದನ್ನು ಕಂಡು, ಆಮೇಲೆ ಪೆಟ್ರೋಲು ಕೊಟ್ಟೆವು. ನಾಲ್ಕನೆಯ ಸಲ ಹಿಡಿಯಿತು.

ಪೆಟ್ರೋಲಿನ ವಿಷಯಕ್ಕೆ ಒಂದು ಮಾತು. ನಮ್ಮ ಸುತ್ತಿನ ಕಬ್ಬು ಕಾರ್ಖಾನೆಗೆ ಹೋಗಿ ಎಥೆನಾಲ್ ಆಗಿ ಪೆಟ್ರೋಲಿನಲ್ಲಿ ಬೆರೆತು ಬರುತ್ತಿದೆ. ೨೦೨೫ರ ಹೊತ್ತಿಗೆ ಆ ಪಾಲು ನೂರಕ್ಕೆ ಇಪ್ಪತ್ತು ಆಗಿತ್ತು. ರೈತನಾಗಿ ನನಗೆ ಸಂತೋಷ, ಅಂಬಾಸಡರಿನ ಯಜಮಾನನಾಗಿ ಚಿಂತೆ. ಹಳೆಯ ರಬ್ಬರಿನ ನಳಿಗೆಗಳೂ ಪೆಟ್ರೋಲ್ ಪಂಪಿನ ಡಯಾಫ್ರಮ್ಮೂ ಅದಕ್ಕೆ ತಾಳುವುದಿಲ್ಲ. ಹೊಸ ಬಗೆಯ ರಬ್ಬರು ಹಾಕಿಸಬೇಕು. ಎಥೆನಾಲ್ ಕೂಡ ತೇವ ಹೀರುವ ಜಾತಿಯದೇ, ಆದ್ದರಿಂದ ಟಾಕಿಯಲ್ಲಿ ತಿಂಗಳುಗಟ್ಟಲೆ ನಿಲ್ಲಿಸಬಾರದು.

ಕಾಗದಪತ್ರದ ಕೆಲಸದಲ್ಲಿಯೂ ನಾವು ತಡಮಾಡಿ ಪೆಟ್ಟು ತಿಂದೆವು. ಖಾಸಗಿ ಗಾಡಿಯ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಮುಂದೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಹಳೆಯ ಕಾರಿಗೆ ಆರುನೂರು ರೂಪಾಯಿ ಇದ್ದ ಶುಲ್ಕ ೨೦೨೨ರ ಏಪ್ರಿಲ್ ೧ರಿಂದ ಐದು ಸಾವಿರವಾಯಿತು. ನಾವು ಬಣ್ಣ ಒಣಗಲೆಂದು ಕಾದು ಮೇ ತಿಂಗಳಲ್ಲಿ ಹೋದೆವು! ತಡಮಾಡಿದ ತಿಂಗಳುಗಳಿಗೆ ದಂಡ ಬೇರೆ. ಗಾಡಿ ಹಿಡಿಯುವ ಮೊದಲೇ ಈ ಲೆಕ್ಕವನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು. ಐವತ್ತು ವರ್ಷ ದಾಟಿದ ಗಾಡಿಗಳಿಗೆ ‘ವಿಂಟೇಜ್’ ಎಂಬ ಬೇರೆ ನೋಂದಣಿಯನ್ನು ೨೦೨೧ರಲ್ಲಿ ತಂದಿದ್ದಾರೆ. ನಮ್ಮದಕ್ಕೆ ೨೦೨೮ರಲ್ಲಿ ಆ ಯೋಗ್ಯತೆ ಬರುತ್ತದೆ. ಆದರೆ ಆ ನೋಂದಣಿಯ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ತಾಯಿಯವರನ್ನು ಚಿಕ್ಕೋಡಿಯ ದವಾಖಾನೆಗೆ ಕರೆದೊಯ್ಯುವ ಗಾಡಿಗೆ ಆ ಮರ್ಯಾದೆ ಬೇಡವೆಂದು ನಿಶ್ಚಯಿಸಿದ್ದೇವೆ.

ಎಡಗಡೆಯ ಹಿಂದಿನ ಕಿಟಕಿ ಇನ್ನೂ ಕೈಕೊಟ್ಟೇ ಇಳಿಸಬೇಕು. ಎರಡನೆಯ ಗೇರಿನಲ್ಲಿ ಒಂದು ಗೊಣಗಾಟವಿದೆ. ಪ್ರತಿ ರವಿವಾರ ಅಂಕಲಿಯ ತನಕ ಹೋಗಿ ಬರುತ್ತೇವೆ, ಕೆಲಸವಿರಲಿ ಬಿಡಲಿ. ಮಿರಗ ಕೂಡಿದ ಮೇಲೆ ಮಾತ್ರ ಗಾಡಿಯನ್ನು ಶೆಡ್ಡಿಗೆ ಹಿಮ್ಮುಖವಾಗಿ ಒಯ್ದು, ಮೂತಿ ಓಣಿಯ ಕಡೆಗೆ ಇರುವ ಹಾಗೆ ನಿಲ್ಲಿಸುತ್ತೇವೆ.