ಮಗುವಿಗೆ ಏನಿಷ್ಟ ಅಂತ ಮೊದಲು ಕೇಳೋಣ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಇಲ್ಲಿ ಹತ್ತನೇ ತರಗತಿ ಮುಗಿಸಿ ಹೋದ ನಾನು ಈಗ ವಿಶೇಷ ಶಿಕ್ಷಕಿ. ಆಟಿಸಂ, ಅಂದರೆ ಸ್ವಲೀನತೆ ಇದ್ದು, ಬುದ್ಧಿಯ ಬೆಳವಣಿಗೆಯೂ ನಿಧಾನವಿರುವ ಮಕ್ಕಳಿಗೆ ಕಲಿಸುತ್ತೇನೆ. "ಮೇಡಂ, ಇವನಿಗೆ ಯಾವುದರಲ್ಲೂ ಆಸಕ್ತಿಯಿಲ್ಲ" ಎನ್ನುತ್ತಾರೆ ತಾಯಂದಿರು. "ಸುಮ್ಮನೆ ಬಿಟ್ಟರೆ ಏನು ಮಾಡ್ತಾನಮ್ಮ?" ಎಂದು ಕೇಳುತ್ತೇನೆ. ಆಗ ಉತ್ತರ ಬರುತ್ತದೆ. ನಲ್ಲಿ ನೀರಿಗೆ ಕೈಯೊಡ್ಡಿ ನಿಲ್ತಾನೆ, ಬಾಟಲಿ ಮುಚ್ಚಳ ಸಾಲಾಗಿ ಜೋಡಿಸ್ತಾನೆ, ಬಸ್ಸಿನ ಬೋರ್ಡು ನೋಡ್ತಾನೇ ಇರ್ತಾನೆ. ಮನೆಯವರು ಚಟ ಎನ್ನುವ ಇದರಿಂದಲೇ ನನ್ನ ಪಾಠ ಶುರು.

ಉಳಿದ ಮಕ್ಕಳಿಗೆ 'ಶಭಾಷ್' ಎಂದರೆ ಸಾಕು, ಹುರುಪು ಬರುತ್ತದೆ. ಇವರಲ್ಲಿ ಕೆಲವರಿಗೆ ಚಪ್ಪಾಳೆಯ ಸದ್ದೇ ತಡೆಯಲಾಗದು. ಹಾಗಾಗಿ ಹುಡುಕಬೇಕು. ಮಗು ತಾನಾಗಿ ಯಾವುದನ್ನು ಎತ್ತಿಕೊಳ್ಳುತ್ತದೆ ಎಂದು ಒಂದು ವಾರ ಬರೆದಿಡಿ. ಎರಡು ವಸ್ತು ಮುಂದಿಟ್ಟು ಕೈ ಯಾವುದರ ಕಡೆ ಹೋಗುತ್ತದೆ ನೋಡಿ. ಇಂದಿನ ಇಷ್ಟ ನಾಳೆ ಬೇಸರವಾಗಬಹುದು, ಮತ್ತೆ ಮತ್ತೆ ನೋಡುತ್ತಿರಬೇಕು.

ಒಬ್ಬ ಹುಡುಗ ಅಕ್ಷರಮಾಲೆಯ ಚಾರ್ಟಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ರಟ್ಟಿನ ಮೇಲೆ ಬಸ್ಸಿನ ಬೋರ್ಡು ಬರೆದುಕೊಟ್ಟೆ. ಅವನು ಮೊದಲು ಗುರುತಿಸಿದ ಪದ 'ತುಮಕೂರು'. ಹಳೆಯ ಟಿಕೆಟ್ಟುಗಳನ್ನು ಎಣಿಸಿ ಹತ್ತರವರೆಗೆ ಲೆಕ್ಕ ಕಲಿತ.

ಇಷ್ಟದ ಕೆಲಸ ಮುಂದೆ ಕಾದಿದ್ದರೆ ಕಷ್ಟದ ಕೆಲಸವೂ ಸಾಗುತ್ತದೆ ಎಂಬ ತತ್ವವನ್ನು ಅಮೆರಿಕದ ಮನೋವಿಜ್ಞಾನಿ ಡೇವಿಡ್ ಪ್ರಿಮ್ಯಾಕ್ 1959ರಲ್ಲಿ ಮಂಡಿಸಿದರು. "ಊಟ ಮುಗಿಸು, ಆಮೇಲೆ ಆಟ" ಎನ್ನುವ ನಮ್ಮಜ್ಜಿಯರಿಗೂ ಅದು ಗೊತ್ತಿತ್ತು. ಆದರೆ ಒಂದು ಎಚ್ಚರ ಬೇಕು. ಊಟ, ನೀರು, ಅಮ್ಮನ ಮಡಿಲು, ಗಾಬರಿಯಾದಾಗ ಮಗು ಹಿಡಿದುಕೊಳ್ಳುವ ವಸ್ತು, ಇವನ್ನು ಕಿತ್ತಿಟ್ಟುಕೊಂಡು ಕೆಲಸ ಮಾಡಿಸಬಾರದು. ಭಯದಿಂದ ಕೂತ ಮಗು ಕಲಿಯುವುದಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ. ಶೇ. 40 ಅಥವಾ ಹೆಚ್ಚು ವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ಹತ್ತಿರದ ಶಾಲೆಯಲ್ಲಿ ಅಥವಾ ತಮಗೆ ಬೇಕಾದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಆದರೂ ಎಷ್ಟೋ ಮಕ್ಕಳು ಹೆಸರಿಗೆ ಹಾಜರಿ ಪುಸ್ತಕದಲ್ಲಿದ್ದು, ಮನೆಯ ಜಗಲಿಯಲ್ಲೇ ಬೆಳೆಯುತ್ತಿದ್ದಾರೆ.

ಹಳೆಯ ವಿದ್ಯಾರ್ಥಿಗಳು ಸೇರಿ ಹೊಸ ಕೊಠಡಿ ಕಟ್ಟಿಸುವ ಮಾತು ನಡೆದಿದೆ. ಅದರಲ್ಲಿ ಗದ್ದಲವಿಲ್ಲದ ಒಂದು ಮೂಲೆಯನ್ನು ಈ ಮಕ್ಕಳಿಗೆ ಬಿಡಿ. ನಿಮ್ಮ ಬೀದಿಯಲ್ಲಿ ಅಂಥ ಮಗುವಿದ್ದರೆ ಮನೆಯವರಿಗೆ ಧೈರ್ಯ ಹೇಳಿ ಕರೆತನ್ನಿ. ಬರುವಾಗ ಅದಕ್ಕೆ ಏನಿಷ್ಟ ಎಂಬುದನ್ನೂ ಕೇಳಿಕೊಂಡು ಬನ್ನಿ.