ಬಿಳಿ ಲೇಪದೊಳಗಿನ ಕೆಂಡ



ನನ್ನ ಜೇಬಿನಲ್ಲಿ ಒಂದು ಬೆಂಕಿಪೊಟ್ಟಣವಿದೆ. ಒಳಗೆ ಹತ್ತಿಯ ಮೇಲೆ ಮಲಗಿರುವುದು ರೇಡಿಯೋ ವಾಲ್ವಿನ ಹೀಟರು. ಸತ್ತ ಇಸಿಸಿ83 ಒಂದನ್ನು ಬಟ್ಟೆಯಲ್ಲಿ ಸುತ್ತಿ, ಗಾಜು ಒಡೆದು, ಕ್ಯಾಥೋಡಿನ ನಿಕ್ಕಲ್ ಕೊಳವೆಯಿಂದ ಚಿಮಟದಲ್ಲಿ ಎಳೆದು ತೆಗೆದದ್ದು. ಕೂದಲಿನಷ್ಟು ಸಣ್ಣ ಟಂಗ್‌ಸ್ಟನ್ ತಂತಿ, ಮೇಲೆ ಸುಣ್ಣ ಬಳಿದಂಥ ಬಿಳಿ ಲೇಪ. ಎಳೆಯುವಾಗ ಒಂದು ಚೂರು ಉದುರಿತು. ನೋಡಲು ಸೀಮೆಸುಣ್ಣ, ಉಜ್ಜಿದರೆ ಗಾಜನ್ನೇ ಗೀಚಿತು. ಅದು ಅಲ್ಯುಮಿನಾ.

ವಾಲ್ವಿನ ಕಥೆ ಹೇಳುವವರು 1904ರ ಫ್ಲೆಮಿಂಗ್, 1906ರ ಡಿ ಫಾರೆಸ್ಟ್ ಎಂದು ಗ್ರಿಡ್ಡಿನವರೆಗೆ ಬಂದು ನಿಲ್ಲಿಸುತ್ತಾರೆ. ನನ್ನ ಕಣ್ಣು ಈ ಸುಣ್ಣದ ಮೇಲೆ.

ಮೊದಮೊದಲು ಕಾಯುವ ತಂತಿಯೇ ಎಲೆಕ್ಟ್ರಾನ್ ಉಗುಳುತ್ತಿತ್ತು. ಬ್ಯಾಟರಿಗೆ ಅದು ಸರಿ. ಮನೆಯ ಎಸಿ ಕರೆಂಟು ಕೊಟ್ಟರೆ ಹಾಡಿನ ಹಿಂದೆ ಗುಂಯ್ ಎನ್ನುವ ಸದ್ದು. ಹಾಗಾಗಿ ಒಲೆ ಬೇರೆ, ಪಾತ್ರೆ ಬೇರೆ ಮಾಡಿದರು: ಒಲೆ ಎಂದರೆ ಹೀಟರು, ಪಾತ್ರೆ ಎಂದರೆ ಎಲೆಕ್ಟ್ರಾನ್ ಉಗುಳುವ ಕ್ಯಾಥೋಡು. 1927ರಲ್ಲಿ ಅಮೆರಿಕದಲ್ಲಿ ಬಂದ 227 ವಾಲ್ವಿನಲ್ಲಿ ಎರಡು ತೂತಿನ ಪಿಂಗಾಣಿ ಕಡ್ಡಿಯೊಳಗೆ ತಂತಿ ಪೋಣಿಸಿದ್ದರು. ಕಡ್ಡಿ ಕಾಯುವವರೆಗೆ ಕೇಳುಗ ಕಾಯಬೇಕು. ಮುಂದೆ ಕಡ್ಡಿ ಹೋಗಿ ಲೇಪ ಬಂತು: ಅಲ್ಯುಮಿನಾ ಪುಡಿಯ ಗಂಜಿಯನ್ನು ಸಿಂಪಡಿಸುವುದು, ಇಲ್ಲವೆ ಗಂಜಿಯಲ್ಲಿ ಮುಳುಗಿಸಿ ವಿದ್ಯುತ್ತಿನಿಂದ ಪುಡಿಯನ್ನು ತಂತಿಗೆ ಸೆಳೆಯುವುದು, ಆಮೇಲೆ ಹೈಡ್ರೋಜನ್ ಕುಲುಮೆಯಲ್ಲಿ ಸುಮಾರು 1,600 ಡಿಗ್ರಿಯಲ್ಲಿ ಸುಡುವುದು.

ಸುರುಳಿ ಹೀಟರಿನ ಕಸುಬು ಇನ್ನೂ ಚಂದ. ಟಂಗ್‌ಸ್ಟನ್ನನ್ನು ಮಾಲಿಬ್ಡಿನಮ್ ತಂತಿಯ ಮೇಲೆ ಸುತ್ತಿ, ಆಮ್ಲದಲ್ಲಿ ಹಾಕುತ್ತಾರೆ. ಒಳಗಿನ ತಂತಿ ಕರಗಿ ಹೋಗುತ್ತದೆ, ಸುರುಳಿ ಉಳಿಯುತ್ತದೆ. ಹೋಗುವ ಸುರುಳಿ, ಬರುವ ಸುರುಳಿ ಜೋಡಿಯಾಗಿರುವುದರಿಂದ ಒಂದರ ಕಾಂತಕ್ಷೇತ್ರವನ್ನು ಇನ್ನೊಂದು ಅಳಿಸುತ್ತದೆ.

ಪೇಚು ಇರುವುದು ಇಲ್ಲಿ. ಈ ಲೇಪ ಶಾಖವನ್ನು ಬಿಡಬೇಕು, ಕರೆಂಟನ್ನು ತಡೆಯಬೇಕು. ದಪ್ಪ ಮಿಲಿಮೀಟರಿನ ಹತ್ತನೇ ಒಂದು ಪಾಲಿನಷ್ಟು, ಹೆಚ್ಚಿನವುಗಳಲ್ಲಿ ಅದಕ್ಕೂ ಕಡಿಮೆ. ಇಸಿಸಿ83ರಲ್ಲಿ ಅದು ತಡೆಯಬೇಕಾದ ಒತ್ತಡ 180 ಓಲ್ಟಿನವರೆಗೆ. ತಣ್ಣಗಿರುವಾಗ ಅಲ್ಯುಮಿನಾ ಅಪ್ಪಟ ನಿರೋಧಕ. ಕಾದಂತೆಲ್ಲ ಅದರ ಬಿಗಿ ಸಡಿಲವಾಗುತ್ತದೆ. ಪುಡಿಯಲ್ಲಿ ಸೋಡಿಯಮ್ ಸ್ವಲ್ಪ ಉಳಿದಿದ್ದರೂ ಸಾಕು, ಅದರ ಅಯಾನುಗಳು ಕರೆಂಟು ಹೊತ್ತು ಹೊರಡುತ್ತವೆ, ಗುಂಯ್ ಸದ್ದು ಹಿತ್ತಲ ಬಾಗಿಲಿನಿಂದ ವಾಪಸ್ಸು. ಕ್ಯಾಥೋಡಿಗೆ ಬೇಕಾದದ್ದು ಸುಮಾರು 800 ಡಿಗ್ರಿ. ಅದನ್ನು ಕೊಡಲು ಹೀಟರು 1,200ರ ಆಸುಪಾಸಿನಲ್ಲಿ ಉರಿಯಬೇಕು. ಲೇಪ ಎಲ್ಲಿ ಗಟ್ಟಿಯಾಗಿರಬೇಕೋ ಅಲ್ಲೇ ಮೆತ್ತಗಾಗುತ್ತದೆ.

ಹೀಟರನ್ನು ತಂಪಾಗಿಟ್ಟು ಅಷ್ಟೇ ಶಾಖ ಪಡೆಯುವುದು ಹೇಗೆ? ಉತ್ತರ ನಮ್ಮ ಅಡುಗೆಮನೆಯಲ್ಲೇ ಇತ್ತು. ಫಳಫಳ ಬೆಳಗಿದ ಪಾತ್ರೆಗಿಂತ ಮಸಿ ಹಿಡಿದ ಪಾತ್ರೆ ಬೇಗ ಆರುತ್ತದೆ. ನಿರ್ವಾತದಲ್ಲಿ ಶಾಖ ದಾಟುವುದು ಬಹುಪಾಲು ವಿಕಿರಣದಿಂದಲೇ. ಬಿಳಿ ಅಲ್ಯುಮಿನಾ ಅದರಲ್ಲಿ ಜಿಪುಣ. 1960ರ ದಶಕದಲ್ಲಿ ಅಮೆರಿಕದ ಕಂಪನಿ ಆರ್‌ಸಿಎ ಹೀಟರಿಗೆ ಕಪ್ಪು ಮೈ ಕೊಟ್ಟಿತು. ಟಂಗ್‌ಸ್ಟನ್ ಪುಡಿಯನ್ನು ಅಲ್ಯುಮಿನಾದಲ್ಲಿ ಬೆರೆಸಿದರೂ ಬಣ್ಣ ಕಪ್ಪಾಗುತ್ತದೆ. ಅದೇ ವ್ಯಾಟು, ನೂರಾರು ಡಿಗ್ರಿ ಕಡಿಮೆ ಬಿಸಿ. ಇಷ್ಟು ಸರಳ ಉಪಾಯವನ್ನು ಅವರು ಕೈಗೆತ್ತಿಕೊಂಡದ್ದು ಟ್ರಾನ್ಸಿಸ್ಟರ್ ಬಾಗಿಲು ತಟ್ಟಿದ ಮೇಲೆ ಎಂಬುದು ನನಗೆ ಸಂಕಟದ ವಿಷಯ.

ಹೀಟರನ್ನು ಕೊಲ್ಲುವುದು ಉರಿಯಲ್ಲ, ಹಚ್ಚಿ ಆರಿಸುವುದು. ನನ್ನ ಪೊಟ್ಟಣದಲ್ಲಿರುವುದು ಇಸಿಸಿ83ರ ಹೀಟರಿನ ಅರ್ಧ; ಅದಕ್ಕೆ ಬಿಸಿಯಲ್ಲಿ 42 ಓಮ್. ತಣ್ಣಗಿರುವಾಗ ಅದರ ಐದಾರನೇ ಒಂದು ಪಾಲು ಮಾತ್ರ. ಸ್ವಿಚ್ಚು ಒತ್ತಿದ ಕ್ಷಣ ಅಷ್ಟು ಪಟ್ಟು ಕರೆಂಟು ನುಗ್ಗುತ್ತದೆ. ತಂತಿ ಒಂದು ಲೆಕ್ಕದಲ್ಲಿ, ಲೇಪ ಇನ್ನೊಂದು ಲೆಕ್ಕದಲ್ಲಿ ಹಿಗ್ಗಿ, ಮಡಿಕೆಯ ಹತ್ತಿರ ಬಿರುಕು. ಸುಮಾರು 18,000 ವಾಲ್ವುಗಳ ಎನಿಯಾಕ್ ಕಂಪ್ಯೂಟರಿನಲ್ಲಿ ವಾಲ್ವುಗಳು ಹೆಚ್ಚಾಗಿ ಕೆಡುತ್ತಿದ್ದುದು ಕಾಯುವಾಗ, ಆರುವಾಗ. ಬ್ರಿಟನ್ನಿನಲ್ಲಿ ಕೊಲಾಸಸ್ ಕಂಪ್ಯೂಟರ್ ಕಟ್ಟಿದ ಟಾಮಿ ಫ್ಲವರ್ಸ್‌ಗೆ ಅಂಚೆ ಇಲಾಖೆಯ ಟೆಲಿಫೋನ್ ಕೆಲಸದಿಂದಲೇ ಇದು ಗೊತ್ತಿತ್ತು. ಆರಿಸಲೇಬೇಡಿ ಎಂಬುದು ಆತನ ಹಟ.

ಈ ಕಸುಬು ನಮ್ಮಲ್ಲಿಗೂ ಬಂತು: ಬೆಂಗಳೂರಿನ ಬಿಇಎಲ್ 1961ರಲ್ಲಿ ರೇಡಿಯೋ ವಾಲ್ವು ತಯಾರಿಸತೊಡಗಿತು. ಆ ಹಳೆಯ ವಾಲ್ವುಗಳನ್ನು ಗಿಟಾರ್ ಆಂಪ್ಲಿಫೈಯರಿನವರು ಇವತ್ತಿಗೂ ಹುಡುಕುತ್ತಾರೆ. 1977ರಲ್ಲಿ ಹೊರಟ ವಾಯೇಜರ್ ನೌಕೆಗಳ ಎಕ್ಸ್‌-ಬ್ಯಾಂಡ್ ಪ್ರೇಷಕಗಳಲ್ಲೂ ಇರುವುದು ಕಾದ ಕ್ಯಾಥೋಡೇ.

ಇನ್ನೊಂದು ಬೆಂಕಿಪೊಟ್ಟಣದಲ್ಲಿ ಕಪ್ಪು ಹೀಟರಿದೆ. ಎರಡನ್ನೂ ಮುಂದಿನ ಸಾಲಿನಿಂದ ಕಳಿಸುತ್ತೇನೆ. ನೋಡಿ, ಬೆರಳು ತಾಗಿಸಬೇಡಿ. ಉಸಿರೂ ಸ್ವಲ್ಪ ಮೆಲ್ಲಗೆ.