ಮನೆಯ ವ್ಯಾಯಾಮದ ಕಬ್ಬಿಣ: ಅದರ ಶುಚಿ ಮತ್ತು ಪಾಲನೆ



ಗರಡಿಮನೆಯಲ್ಲಿ ಗದೆ, ಕಲ್ಲುಗುಂಡುಗಳನ್ನು ಅವುಗಳ ಸ್ಥಳದಲ್ಲಿಯೇ ಇಡಬೇಕೆಂದು ಹೇಳಲು ಉಸ್ತಾದರೊಬ್ಬರು ಇರುತ್ತಾರೆ. ಕಬ್ಬಿಣದ ಬಾರು, ಬಿಲ್ಲೆ, ಡಂಬೆಲ್ಸ್‌ಗಳು ಇಂದು ಹಳ್ಳಿಯ ಪಡಸಾಲೆಗೂ ಬಂದಿವೆ, ಅಲ್ಲಿ ಉಸ್ತಾದರಿಲ್ಲ. ಕುಂದಾಪುರದ ಕಡೆಯ ಗುರುರಾಜ ಪೂಜಾರಿಯವರು ಕಾಮನ್‌ವೆಲ್ತ್ ಕ್ರೀಡಾಕೂಟಗಳಲ್ಲಿ 2018ರಲ್ಲಿ ಬೆಳ್ಳಿಯನ್ನೂ 2022ರಲ್ಲಿ ಕಂಚನ್ನೂ ಗೆದ್ದದ್ದನ್ನು ಕಂಡು ಭಾರ ಎತ್ತಲು ತೊಡಗಿದ ಯುವಕರು ನಿಮ್ಮ ಊರಿನಲ್ಲಿಯೂ ಇರಬಹುದು. ಇದು ಗಂಡಸರ ಸ್ವತ್ತೆಂದು ಮಾತ್ರ ತಿಳಿಯಬೇಡಿ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಕರ್ಣಂ ಮಲ್ಲೇಶ್ವರಿಯವರು ಗೆದ್ದ ಕಂಚು, ಭಾರತೀಯ ಮಹಿಳೆಯೊಬ್ಬರ ಮೊದಲ ಒಲಿಂಪಿಕ್ ಪದಕವಾಗಿದ್ದು, ಅದು ದೊರೆತದ್ದು ಭಾರ ಎತ್ತುವುದರಲ್ಲಿಯೇ. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕ ಸ್ತ್ರೀಪುರುಷರಿಬ್ಬರಿಗೂ ಹೇಳುತ್ತದೆ.

ಕಬ್ಬಿಣಕ್ಕೆ ನೀರೂ ಗಾಳಿಯೂ ಕೂಡಿದರೆ ತುಕ್ಕು ಹಿಡಿಯುತ್ತದೆ; ಬೆವರಿನ ಉಪ್ಪು ಅದನ್ನು ಮತ್ತಷ್ಟು ಬೇಗ ಬರಿಸುತ್ತದೆ. ಕರಾವಳಿಯಲ್ಲಿ ಗಾಳಿಯೇ ಉಪ್ಪಾಗಿರುವುದರಿಂದ ಅಲ್ಲಿಯವರು ಇನ್ನೂ ಎಚ್ಚರದಿಂದಿರಬೇಕು. ರಸಗೊಬ್ಬರದ ಚೀಲಗಳಿರುವ ಕೋಣೆಯಲ್ಲಿ ಈ ಸಾಮಾನುಗಳನ್ನು ಇಡಲೇಬಾರದು. ಗೊಬ್ಬರವು ತೇವವನ್ನು ಎಳೆದುಕೊಂಡು, ಪಕ್ಕದ ಕಬ್ಬಿಣವನ್ನು ತಿನ್ನುತ್ತದೆ. ನೆಲಕ್ಕೆ ತಾಗದಂತೆ ಎರಡು ಹಲಗೆಗಳ ಮೇಲಿಡುವುದು ಉತ್ತಮ.

ವ್ಯಾಯಾಮ ಮುಗಿದ ಕೂಡಲೇ ಒಣಬಟ್ಟೆಯಿಂದ ಒರೆಸಿರಿ. ಕೈ ಜಾರದಂತೆ ಬಾರಿನ ಮೇಲೆ ಕೊರೆದಿರುವ ಗೀರುಗಳಲ್ಲಿ ಬೆವರು, ಚರ್ಮದ ಹೊಟ್ಟು, ಕೈಗೆ ಹಚ್ಚುವ ಬಿಳಿಪುಡಿ ಸೇರಿಕೊಂಡು ತೇವವನ್ನು ಹಿಡಿದಿಡುತ್ತವೆ. ಅವನ್ನು ವಾರಕ್ಕೊಮ್ಮೆ ಗಟ್ಟಿ ನೈಲಾನ್ ಬ್ರಷ್ಷಿನಿಂದ ಉಜ್ಜಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಬಟ್ಟೆಗೆ ನಾಲ್ಕು ಹನಿ ಹಾಕಿ ತೆಳ್ಳಗೆ ಸವರಿ, ಮತ್ತೊಂದು ಬಟ್ಟೆಯಿಂದ ಹೆಚ್ಚಿನದನ್ನು ತೆಗೆಯಿರಿ. ನಾನೊಮ್ಮೆ ಕೊಬ್ಬರಿ ಎಣ್ಣೆ ಸವರಿದ್ದೆ. ಕೆಲವು ದಿನಗಳಲ್ಲಿ ಅದು ಅಂಟಂಟಾಗಿ, ಧೂಳು ಕುಳಿತು, ಇರುವೆಗಳೂ ಬಂದವು. ಬಣ್ಣವಿಲ್ಲದ ಬೀಡುಕಬ್ಬಿಣದ ಬಿಲ್ಲೆಗೆ ತುಕ್ಕು ದಟ್ಟವಾಗಿದ್ದರೆ ಒಂದು ದಿನ ವಿನೆಗರ್‌ನಲ್ಲಿ ನೆನೆಯಿಟ್ಟು ಉಜ್ಜಿ, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಎಣ್ಣೆ ಸವರಿರಿ. ಬ್ಲೀಚಿಂಗ್ ಪುಡಿಯು ಕಬ್ಬಿಣವನ್ನು ಕೊರೆಯುತ್ತದೆ. ವಿನೆಗರ್ ಜೊತೆ ಸೇರಿದರೆ ವಿಷಾನಿಲ ಹೊರಡುತ್ತದೆ. ಆದುದರಿಂದ ಈ ಕೆಲಸಕ್ಕೆ ಅದನ್ನು ಮುಟ್ಟಬೇಡಿ.

ಕಬ್ಬಿಣ ಕೆಟ್ಟರೆ ಹಣ ಹೋಗುತ್ತದೆ, ಅಷ್ಟೇ. ಬೆಂಚು ಮತ್ತು ಚೌಕವಿಷಯದಲ್ಲಿ ಹಾನಿ ಅದಕ್ಕಿಂತ ಹೆಚ್ಚಿನದು. ಗಜಕರ್ಣ, ಅಂದರೆ ಹುಳುಕಡ್ಡಿ, ಹುಳುವಿನಿಂದ ಬರುವುದಲ್ಲ, ಅದೊಂದು ಶಿಲೀಂಧ್ರ. ಬೆವರಿನ ತೊಡೆಸಂದಿ, ಕಂಕುಳು, ಸೊಂಟಗಳಲ್ಲಿ ಅದು ಸುಲಭವಾಗಿ ಬೆಳೆಯುತ್ತದೆ. ಚರ್ಮದಿಂದ ಚರ್ಮಕ್ಕೂ, ಒಂದೇ ಚೌಕ, ಒಂದೇ ಹಾಸಿಗೆಗಳ ಮೂಲಕವೂ ಹರಡುತ್ತದೆ. ಪತಿಗೆ ಬಂದದ್ದು ಪತ್ನಿಗೂ, ಎತ್ತಿಕೊಂಡ ಮಗುವಿಗೂ ತಗಲಬಹುದು. ನಾಚಿಕೆಯಿಂದ ಇಬ್ಬರೂ ಬಾಯಿ ಬಿಡದೆ, ಔಷಧಿ ಅಂಗಡಿಯಲ್ಲಿ ಕೇಳಿದ ಮುಲಾಮನ್ನು ಹಚ್ಚಿಕೊಳ್ಳುವುದುಂಟು. ಅಂಥ ಹಲವು ಮುಲಾಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ತುರಿಕೆ ನಾಲ್ಕು ದಿನ ಅಡಗಿ, ರೋಗವು ಮತ್ತೂ ಅಗಲವಾಗಿ ಹಬ್ಬುತ್ತದೆ. ದಯವಿಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇಬ್ಬರೂ ಕೂಡಿಯೇ ಹೋಗಿರಿ. ತುರಿಕೆ ನಿಂತಿತೆಂದು ನಡುವೆ ಔಷಧಿ ಬಿಡಬೇಡಿ. ಒಬ್ಬೊಬ್ಬರಿಗೆ ಒಂದೊಂದು ಚೌಕವಿರಲಿ, ಅದನ್ನು ದಿನವೂ ಒಗೆದು ಬಿಸಿಲಿಗೆ ಹಾಕಿರಿ. ಬೆಂಚಿನ ರೆಕ್ಸಿನ್ ಹೊದಿಕೆಯನ್ನು ಸಾಬೂನು ನೀರಿನ ಬಟ್ಟೆಯಿಂದ ಒರೆಸಿ ಒಣಗಿಸಿರಿ. ಹೊದಿಕೆ ಹರಿದಿದ್ದರೆ ಒಳಗಿನ ಸ್ಪಂಜು ಬೆವರನ್ನು ಹೀರಿಕೊಳ್ಳುವುದರಿಂದ ಬೇಗನೆ ಹೊಲಿಸಿಬಿಡಿ.

ತುಕ್ಕಿನಿಂದಲೇ ಧನುರ್ವಾಯು ಬರುತ್ತದೆಂಬುದು ತಪ್ಪು ತಿಳುವಳಿಕೆ. ಅದರ ರೋಗಾಣು ಇರುವುದು ಮಣ್ಣಿನಲ್ಲಿ, ಸಗಣಿಯಲ್ಲಿ. ಹಟ್ಟಿಯ ಪಕ್ಕದಲ್ಲಿಟ್ಟ ಬಾರಿಗೂ ಅದು ಅಂಟಬಹುದು. ಗಾಯವಾದರೆ ಸಾಬೂನು ನೀರಿನಲ್ಲಿ ತೊಳೆದು, ಚುಚ್ಚುಮದ್ದು ಬೇಕೇ ಎಂದು ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿರಿ.

ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬಾರನ್ನು ಗೋಡೆಗೆ ಒರಗಿಸಿ ನಿಲ್ಲಿಸಬಾರದು. ಪುರುಷರ ಸ್ಪರ್ಧೆಯ ಬಾರು ಬಿಲ್ಲೆಗಳಿಲ್ಲದೆಯೇ 20 ಕಿಲೋ, ಮಹಿಳೆಯರದು 15 ಕಿಲೋ ತೂಗುತ್ತದೆ. ಅಂಬೆಗಾಲಿನ ಮಗು ಅದನ್ನು ಹಿಡಿದೆಳೆದರೆ ಏನಾದೀತೆಂದು ನೀವೇ ಯೋಚಿಸಿರಿ. ಬಿಲ್ಲೆಗಳನ್ನು ನೆಟ್ಟಗೆ ನಿಲ್ಲಿಸದೆ ಹಲಗೆಯ ಮೇಲೆ ಮಲಗಿಸಿರಿ. ಬಣ್ಣದ ಡಬ್ಬಿಯಲ್ಲಿ ಸಿಮೆಂಟು ಎರೆದು ಮಾಡಿಕೊಂಡ ಭಾರಗಳು ಅಗ್ಗವೇನೋ ಹೌದು. ಸಲಾಕೆಯ ಬುಡದಲ್ಲಿ ಬಿರುಕು ಕಂಡರೆ ಮಾತ್ರ ಅದನ್ನು ಎತ್ತಬೇಡಿ.

ಈ ಒರೆಸುವ ಕೆಲಸವನ್ನು ಪಾತ್ರೆ, ಬಟ್ಟೆಗಳ ಜೊತೆಗೆ ಪತ್ನಿಯ ಪಾಲಿಗೇ ಸೇರಿಸಿಬಿಡುವ ಪತಿಯರೂ ಉಂಟು. ಯಾರು ಎತ್ತಿದರೋ ಅವರೇ ಒರೆಸುವುದು ನ್ಯಾಯ. ಬೆಂಚಿನ ನಟ್ಟು ಬೋಲ್ಟುಗಳನ್ನು ತಿಂಗಳಿಗೊಮ್ಮೆ ಬಿಗಿ ಮಾಡುವಾಗ ಮಾತ್ರ ಇಬ್ಬರೂ ಇರಿ. ಒಬ್ಬರು ಹಿಡಿದುಕೊಳ್ಳದಿದ್ದರೆ ಪಾನಾ ಜಾರುತ್ತದೆ.